ಬೆಟ್ಟಮ್ಮ ಹಾಕಿದ ಗಂಟು

ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಹಿಂಬದಿ ಖಾಲಿ ಬಿಡಿ ಎಂದು ಶಾಲೆಗಳ ಇನ್ಸ್‌ಪೆಕ್ಟರು ಹೇಳಿದ್ದು ಯಾಕೆ? ಸಾಲಗಾಮೆಯಲ್ಲಿ ಹಾಸನದ ಬಸ್ಸು ಹತ್ತಿ ಕೂತ ಮೇಲೂ ಪಂಚಾಕ್ಷರಯ್ಯನಿಗೆ ಇದು ಬಗೆಹರಿಯಲಿಲ್ಲ. ಯುದ್ಧ ಬಂದು ಪೆಟ್ರೋಲು ಕಾಣದಂತಾದ ಮೇಲೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಡ್ರೈವರು ಹಿಂದೆ ನಿಂತು ಅದಕ್ಕೆ ಗಾಳಿ ಹಾಕುತ್ತ, ಬಯ್ಯುತ್ತ, ಮತ್ತೆ ಗಾಳಿ ಹಾಕುತ್ತ ಇದ್ದ. ಒಳಗೆ ಕೂತ ಹತ್ತು ಹನ್ನೆರಡು ಜನ ಹೊಗೆಗೆ ಕೆಮ್ಮುತ್ತಿದ್ದರು. ಎದುರಿನ ಸೀಟಿನಲ್ಲಿದ್ದ ಕೆಂಪು ರುಮಾಲಿನವನು ಎರಡು ಸಲ ತನ್ನ ಕಡೆ ತಿರುಗಿ ನೋಡಿದ. ಯಾಕೆ ನೋಡಿದ? ಶಾಲೆಯ ಹೊತ್ತಿನಲ್ಲಿ ಮೇಷ್ಟರು ಬಸ್ಸಿನಲ್ಲಿ ಕೂತಿದ್ದಾರಲ್ಲ ಎಂದಿರಬೇಕು. ಹೆಂಡತಿ ನೀಲಗಂಗಮ್ಮನಿಗೆ, ತನಗೆ ಹಲ್ಲುನೋವು, ಹಾಸನದ ಆಸ್ಪತ್ರೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಬಂದಿದ್ದ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, ಯಾವ ಹಲ್ಲು ಎಂದಿದ್ದಳು. ಯಾವ ಹಲ್ಲು ಎಂದು ಕೇಳುವುದರಲ್ಲಿ ಏನೋ ಇತ್ತು. ಎಡಗಡೆಯದು ಎಂದಿದ್ದ. ಈಗ ಬಸ್ಸು ಹೊರಟು ಕುಲುಕುತ್ತ ಹೋಗುವಾಗ ಎಡಗಡೆಯ ಕೊನೆಯ ಹಲ್ಲು ನಿಜವಾಗಿಯೂ ಸಣ್ಣಗೆ ನೋಯತೊಡಗಿತ್ತು.

ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಬೇರೆಯವರು ಹೇಳಿದ್ದನ್ನು ನಂಬುವುದೂ ಬರುತ್ತಿರಲಿಲ್ಲ. ಅರಕಲಗೂಡಿನಲ್ಲಿದ್ದಾಗ ಯಾರೋ ಅವನ ಮೇಲೆ ಮೂಕರ್ಜಿ ಬರೆದಿದ್ದರು. ಮಕ್ಕಳ ಕೈಯಲ್ಲಿ ಮನೆಗೆ ಸೌದೆ ಹೊರಿಸುತ್ತಾರೆ ಎಂದು. ಹೆಡ್ ಮೇಷ್ಟರು ಅದನ್ನು ಮಕ್ಕಳ ಎದುರಿಗೇ ಗಟ್ಟಿಯಾಗಿ ಓದಿ, ಯಾರು ಯಾರು ಸೌದೆ ಹೊತ್ತಿದ್ದೀರಿ ಕೈ ಎತ್ತಿ ಎಂದರು. ಯಾರೂ ಎತ್ತಲಿಲ್ಲ. ಎತ್ತದೆ ಹೋದದ್ದೇ ಅವನಿಗೆ ಇನ್ನೂ ಹೆಚ್ಚಿನ ಅವಮಾನವಾಗಿ ಕಂಡಿತು, ಏಕೆಂದರೆ ಒಂದು ದಿನ, ಒಂದೇ ದಿನ, ಇಬ್ಬರು ಹುಡುಗರು ತಾವಾಗಿಯೇ ಒಂದು ಹೊರೆ ತಂದು ಹಾಕಿದ್ದುಂಟು. ಮೂಕರ್ಜಿ ಬರೆದವರು ಯಾರೆಂದು ಗೊತ್ತಾಗಲಿಲ್ಲ. ಗೊತ್ತಾಗದ್ದರಿಂದ ಎಲ್ಲರೂ ಬರೆದವರೇ ಆದರು. ಎಂಟು ವರ್ಷವಾದರೂ, ಯಾರಾದರೂ ಕಾಗದದ ಮೇಲೆ ಪೆನ್ಸಿಲು ಇಟ್ಟರೆ ಅವನ ಕಣ್ಣು ತಾನಾಗಿ ಅತ್ತ ಹೊರಳುತ್ತಿತ್ತು.

ಹೀಗಿರುವಾಗ, ತಿಂಗಳ ಹಿಂದೆ ಹೊಸ ಇನ್ಸ್‌ಪೆಕ್ಟರು ಗೌರೀಶಂಕರ ಸೈಕಲ್ಲಿನ ಮೇಲೆ ಊರಿಗೆ ಬಂದು ಶಾಲೆಯ ಜಗಲಿಯ ಮೇಲೆ ಕೂತಿದ್ದರು. ವಯಸ್ಸಿನಲ್ಲಿ ತನಗಿಂತ ಚಿಕ್ಕವರು. ಬೆವರು ಒರೆಸಿಕೊಂಡು ಮಜ್ಜಿಗೆ ಕುಡಿದು, 'ಮೂರನೇ ಕ್ಲಾಸು ನಾಲ್ಕನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಕೇಳಿ ಮೇಷ್ಟರೇ, ದೊಡ್ಡವರಾದ ಮೇಲೆ ಏನಾಗಬೇಕು ಅಂತಿದ್ದಾರೆ ಅಂತ. ನಗಬೇಡಿ, ಗದರಬೇಡಿ. ತಾವು ಏನಾಗಬಹುದು ಅನ್ನೋದು ಮಕ್ಕಳಿಗೆ ಒಂದು ಸಲವಾದರೂ ಯೋಚನೆಗೆ ಬರಬೇಕು' ಎಂದರು. ಒಂದು ಪುಸ್ತಕ ಮಾಡಿ ಮೂರು ಕಾಲಮ್ಮು ಎಳೆಯಬೇಕು. ತಂದೆಯ ಕಸುಬು, ಮಗುವಿನ ಇಷ್ಟ, ಉಪಾಧ್ಯಾಯರ ಅಭಿಪ್ರಾಯ. ಒಂದೇ ಮಗ್ಗುಲಲ್ಲಿ ಬರೆಯಬೇಕು. ಅಷ್ಟು ಹೇಳಿ ಸೈಕಲ್ಲು ಹತ್ತಿ ಹೋದರು. ಅವರು ತಿರುವಿನಲ್ಲಿ ಮರೆಯಾಗುವ ತನಕ ಪಂಚಾಕ್ಷರಯ್ಯ ನೋಡುತ್ತ ನಿಂತಿದ್ದ. ಮೃದುವಾಗಿ ಮಾತಾಡುವ ಮೇಲಿನವರನ್ನು ಕಂಡರೆ ಅವನಿಗೆ ಹೆಚ್ಚು ಭಯ. ಯುದ್ಧದ ಕಾಲದಲ್ಲಿ, ಸರ್ಕಾರದವರು ಮನೆಮನೆಯ ರಾಗಿ ಬತ್ತ ಲೆವಿ ಅಂತ ಎತ್ತಿಕೊಂಡು ಹೋಗುವ ಕಾಲದಲ್ಲಿ, ಹಳ್ಳಿಯ ಮಕ್ಕಳು ಏನಾಗಬೇಕೆಂದಿದ್ದಾರೆ ಎಂದು ಯಾರಿಗೆ ಬೇಕು? ತಂದೆಯ ಕಸುಬು ಎಂದು ಒಂದು ಕಾಲಮ್ಮು ಯಾಕೆ? ಹಿಂಬದಿಯಲ್ಲಿ ಬರೆಯುವವರು ಯಾರು?

ಆದರೂ ಕೇಳಿದ. ಕೇಳದೆ ಇದ್ದರೆ ಅದಕ್ಕೂ ಒಂದು ಕಾಗದ ಬರುತ್ತದೆ. ಮೊದಲನೆಯವನು ಅಮಲ್ದಾರ ಎಂದ. ಎರಡನೆಯವನೂ ಅಮಲ್ದಾರ ಎಂದ. ಮೂರನೆಯವನು ಸ್ವಲ್ಪ ಯೋಚಿಸಿ ಪೋಲೀಸು ಎಂದು, ಮೇಷ್ಟರ ಮುಖ ನೋಡಿ, ಅಮಲ್ದಾರ ಎಂದು ತಿದ್ದಿಕೊಂಡ. ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಅಮಲ್ದಾರರು. ಇವರೆಲ್ಲ ಅಮಲ್ದಾರರಾದರೆ ಇವರ ಮುಂದೆ ಕೈಕಟ್ಟಿ ನಿಲ್ಲುವವರು ಯಾರು ಎಂದು ಪಂಚಾಕ್ಷರಯ್ಯನಿಗೆ ನಗು ಬಂದು, ನಗಬೇಡಿ ಎಂದದ್ದು ನೆನಪಾಗಿ ತಡೆದುಕೊಂಡ. ಮಕ್ಕಳು ತನಗೆ ಏನು ಬೇಕೋ ಅದನ್ನು ಹೇಳುತ್ತಿದ್ದಾರೆ, ನಿಜ ಹೇಳುತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನೂ ಹಾಗೆಯೇ ಬರೆಯುತ್ತ ಹೋದ. ಕೊನೆಯಲ್ಲಿ ಬೆಟ್ಟಮ್ಮ ಬಂದಳು. ತಿಮ್ಮಪ್ಪನ ಮಗಳು, ಒಂಬತ್ತು ವರ್ಷ, ಮೂರನೇ ಕ್ಲಾಸಿನಲ್ಲಿ ಇದ್ದ ಒಂದೇ ಹೆಣ್ಣು. ಮೈ ಬಳ್ಳಿಯಂತೆ ಸಣ್ಣ, ಆದರೆ ಗಟ್ಟಿ.

'ನೀನೇನಾಗ್ತೀಯಮ್ಮ?'

'ಅಗೇವು ಇಳಿಯೋಳಾಯ್ತೀನಿ ಸಾ.'

ಹುಡುಗರು ಗೊಳ್ಳೆಂದರು. ಪಂಚಾಕ್ಷರಯ್ಯ ಕೋಲು ಬಡಿದ. ಹುಡುಗಿ ನಗುವಿಗೆ ಬೆದರಲಿಲ್ಲ, ಕೋಲಿಗೂ ಬೆದರಲಿಲ್ಲ.

'ಈಗ್ಲೂ ಇಳೀತೀನಿ ಸಾ. ಅಗೇವಿನ ಬಾಯಲ್ಲಿ ನಮ್ಮಪ್ಪನ ಭುಜ ತೂರಕಿಲ್ಲ. ನಾನಾದ್ರೆ ಸರ್ರಂತ ಇಳ್ದು ರಾಗಿ ತುಂಬ್ಕೊಡ್ತೀನಿ. ಊರೋರೆಲ್ಲ ನನ್ನೇ ಕರೀತಾರೆ.'

'ನೆಲದಡಿಯ ಗುಂಡಿಯೊಳಗೆ ಭಯ ಆಗಲ್ವಾ?'

'ಯಾಕಾಯ್ತದೆ ಸಾ? ಬಾಯಿ ತಗದು ಒಂದ್ ದಿನ ಅಂಗೇ ಬುಡ್ಬೇಕು. ಒಳ್ಗೆ ಕೆಟ್ ಗಾಳಿ ಇರ್ತದೆ. ಆಮ್ಯಾಕೆ ಅಗ್ಗಕ್ಕೆ ದೀಪ ಕಟ್ಟಿ ಇಳೆ ಬುಡ್ಬೇಕು. ದೀಪ ಆರೋಯ್ತಾ, ಇಳೀಬಾರ್ದು. ಉರೀತದಾ, ಇಳೀಬೌದು. ಅಷ್ಟೇಯ.'

ಆ 'ಅಷ್ಟೇಯ' ಅವನಿಗೆ ಬಹಳ ಇಷ್ಟವಾಯಿತು. ಹದಿಮೂರು ಮಕ್ಕಳು ಹೇಳಿದ್ದರಲ್ಲಿ ಇಲ್ಲದ ಏನೋ ಒಂದು ಅದರಲ್ಲಿತ್ತು. ತನ್ನ ಕೆಲಸ ತನಗೆ ಗೊತ್ತು ಎನ್ನುವವರು ಹಾಗೆ ಮಾತಾಡುತ್ತಾರೆ. ನಿಮ್ಮ ಹಗೇವು ಎಲ್ಲಿದೆ ಎಂದು ಕೇಳಿದ. ಕೇಳಬೇಕಾಗಿರಲಿಲ್ಲ. ಮಾತು ಬೆಳೆಸುವ ಆಸೆಗೆ ಕೇಳಿದ.

'ಓದ್ ವರ್ಸ ಊರ ಮುಂದಿತ್ತು ಸಾ. ಈಗ ಕೊಟ್ಟಿಗೇಲೇ ತೋಡವ್ರೆ, ಗ್ವಾದ್ಲಿ ಪಕ್ದಲ್ಲಿ.'

ಅವನು ಒಳ್ಳೆಯ ಮಸಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದ. 'ಹಗೇವಿಗೆ ಇಳಿಯುವ ಕೆಲಸ. ಈಗಲೂ ಮನೆಯ ಕೊಟ್ಟಿಗೆಯಲ್ಲಿ, ಗೋದಲಿಯ ಪಕ್ಕದಲ್ಲಿರುವ ಹಗೇವಿಗೆ ಇಳಿಯುವ ಅಭ್ಯಾಸವುಂಟು.' ಮೂರನೇ ಕಾಲಮ್ಮಿನಲ್ಲಿ, ಮಿಕ್ಕವರಿಗೆಲ್ಲ 'ತಕ್ಕಮಟ್ಟಿಗೆ' ಎಂದು ಬರೆದವನು ಇವಳಿಗೆ 'ಬುದ್ಧಿಯೂ ಧೈರ್ಯವೂ ಉಳ್ಳ ಮಗು' ಎಂದು ಬರೆದ. ಇಡೀ ಪುಸ್ತಕದಲ್ಲಿ ಓದುವಂಥದ್ದು ಅದೊಂದೇ ಸಾಲು ಎಂದು ಒಳಗೇ ಹೆಮ್ಮೆಪಟ್ಟ. ಹಾಳೆಗಳನ್ನು ಸೇರಿಸಿ ಕಟ್ಟಲು ದಾರ ಬೇಕಾದಾಗ ಬೆಟ್ಟಮ್ಮನೇ ತನ್ನ ಸ್ಲೇಟಿಗೆ ಕಟ್ಟಿದ್ದ ಸೆಣಬಿನ ದಾರ ಬಿಚ್ಚಿ ಕೊಟ್ಟಳು. ಕೊಟ್ಟವಳು ತಾನೇ ಕಟ್ಟುತ್ತೇನೆಂದು ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡಳು. ಎರಡು ಸುತ್ತು ಸುತ್ತಿ, ಒಂದು ಕೊನೆಯನ್ನು ಅಡಿಯಿಂದ ತೂರಿಸಿ, ಹಲ್ಲಿನಲ್ಲಿ ಕಚ್ಚಿ ಎಳೆದಳು. 'ಅಗೇವಿಗೆ ಇಳಿಯೋವಾಗ ಸೊಂಟಕ್ಕೆ ಆಕ್ಕೊಳೋ ಗಂಟು ಸಾ. ಎಷ್ಟ್ ಎಳುದ್ರೂವೆ ಜಾರಕಿಲ್ಲ. ಬ್ಯಾರೆಯೋರು ಬಿಚ್ಚುದ್ರೆ ತಿರ್ಗಾ ಇಂಗೆ ಆಕಕ್ಕೆ ಬರಕಿಲ್ಲ, ನಂಗೆ ಗೊತ್ತಾಗೋಯ್ತದೆ' ಎಂದಳು. ಪಂಚಾಕ್ಷರಯ್ಯನಿಗೆ ಆಗ ಅವಳ ಮೇಲೆ ಬಂದ ಪ್ರೀತಿಗೆ ಇದೂ ಒಂದು ಕಾರಣ. ಬಿಚ್ಚಿದರೆ ಗೊತ್ತಾಗಬೇಕು ಎಂದು ಬಯಸುವ ಇನ್ನೊಂದು ಜೀವ ಈ ಊರಿನಲ್ಲಿ ಇದೆ.

ಬಸ್ಸು ಏರಿನಲ್ಲಿ ನಿಂತುಬಿಟ್ಟಿತು. ಎಲ್ಲರೂ ಇಳಿದು ತಳ್ಳಬೇಕಾಯಿತು. ಕೆಂಪು ರುಮಾಲಿನವನು ಪಕ್ಕಕ್ಕೇ ಬಂದು ಭುಜ ಕೊಟ್ಟು, 'ಹಲ್ಲುನೋವಾ ಸ್ವಾಮಿ? ದವಡೆ ಇಡ್ಕೊಂಡೇ ಇದ್ದೀರಿ' ಎಂದ. ಅದಕ್ಕೆ ನೋಡುತ್ತಿದ್ದನೇ! ಪಂಚಾಕ್ಷರಯ್ಯ ಹೌದೆಂದು ತಲೆಯಾಡಿಸಿ ತಳ್ಳಿದ. ತಳ್ಳುತ್ತ, ಹೊಳೆನರಸೀಪುರದಲ್ಲಿ ಹೇಮಾವತಿಯ ದಡದಿಂದ ನೀರಿಗೆ ಹರಿಗೋಲನ್ನು ತಳ್ಳುತ್ತಿದ್ದದ್ದು ಅಂಗೈಗೆ ನೆನಪಾಯಿತು. ಚರ್ಮದ ಹಸಿ ನಾತ, ಬಿದಿರಿನ ಗಟ್ಟಿ ಅಂಚು. ಅವನಿಗೂ ಆಗ ಒಂಬತ್ತೇ ವರ್ಷ. ಕೂಲಿಮಠದ ಅಯ್ಯನವರು ಒಂದು ದಿನ ಲಹರಿಯಲ್ಲಿದ್ದಾಗ, ಏನಾಗ್ತೀಯೋ ಪಂಚಾಕ್ಷರಿ ಎಂದು ಕೇಳಿದ್ದರು. ಅವನು ಸಂತೋಷದಿಂದ, ಹರಿಗೋಲು ಹಾಕುತ್ತೇನೆ ಎಂದಿದ್ದ. ಅಯ್ಯನವರು ನಗಲಿಲ್ಲ. ಬೆನ್ನು ತಟ್ಟಿದರು. ಸಂಜೆ ಅಪ್ಪನ ಅಂಗಡಿಗೆ ಹೋಗಿ, ಗಿರಾಕಿಗಳು ತುಂಬಿದ್ದಾಗ, ನಿಮ್ಮ ಮಗ ಅಂಬಿಗನಾಗುತ್ತಾನಂತೆ ಎಂದು ಹೇಳಿದರು. ಅಂಗಡಿಯೆಲ್ಲ ನಕ್ಕಿತು. ಅಪ್ಪ ಹೊಡೆಯಲಿಲ್ಲ, ತಕ್ಕಡಿ ಹಿಡಿದುಕೊಂಡೇ ಅವನನ್ನು ಒಂದು ಸಲ ನೋಡಿದರು. ಅದಾದ ಮೇಲೆ ಅವನು ಹೊಳೆಯ ಕಡೆ ಹೋಗಲಿಲ್ಲ. ಅಯ್ಯನವರಿಗೆ ಹೇಳಿದ್ದೇ ತಪ್ಪು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದ. ಅಯ್ಯನವರು ಹೇಳಿದ್ದು ತಪ್ಪು ಎಂದು ಹೊಳೆದದ್ದು ತಾನೂ ಮೇಷ್ಟರಾದ ಮೇಲೆ. ಈಗ ತಾನು ಮಾಡಿರುವುದು ಅದನ್ನೇ ಅಲ್ಲವೆ, ಅದಕ್ಕಿಂತ ಕಡೆಯದನ್ನು. ಅವರು ಅಂಗಡಿಯಲ್ಲಿ ಬಾಯಿ ಬಿಟ್ಟರು. ತಾನು ಸರ್ಕಾರಕ್ಕೆ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದ.

ಬರೆದು ಕಳಿಸಿ ಹದಿನೈದು ದಿನ ಅವನಿಗೆ ಏನೂ ಅನ್ನಿಸಿರಲಿಲ್ಲ. ಮೊನ್ನೆ ಚನ್ನರಾಯಪಟ್ಟಣದ ಕಡೆಯಿಂದ ಬಂದ ಎಣ್ಣೆಯ ಗಾಡಿಯವನು, ಅಲ್ಲೊಂದು ಹಳ್ಳಿಯಲ್ಲಿ ಲೆವಿಯವರು ನೆಟ್ಟಗೆ ಮನೆಯೊಳಕ್ಕೇ ನುಗ್ಗಿ, ಅಟ್ಟ ನೋಡದೆ ಕಣಜ ನೋಡದೆ, ಕೊಟ್ಟಿಗೆಯನ್ನೇ ಅಗೆದು ಹಗೇವು ಒಡೆದರಂತೆ, ಯಾರೋ ಹೇಳಿಕೊಟ್ಟಿರಬೇಕು ಎಂದ. ಅಲ್ಲಿಂದ ಪಂಚಾಕ್ಷರಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಹಳ್ಳಿಯ ಮೇಷ್ಟರೂ ಪುಸ್ತಕ ಮಾಡಿ ಕಳಿಸಿರಬೇಕು. ಎಲ್ಲ ಮೇಷ್ಟರೂ ಕಳಿಸಿರಬೇಕು. ನಗಬೇಡಿ, ಗದರಬೇಡಿ ಎಂದದ್ದು ಇದಕ್ಕೇ! ದೊಡ್ಡವರು ಬಾಯಿ ಬಿಡುವುದಿಲ್ಲ, ಮಕ್ಕಳನ್ನು ಕೇಳಿ ಎಂದು ಯಾರೋ ಬುದ್ಧಿವಂತರು ಯೋಚನೆ ಮಾಡಿದ್ದಾರೆ. ಮಗುವಿನ ಇಷ್ಟವಂತೆ! ಹಿಂಬದಿಯಲ್ಲಿ ಅಮಲ್ದಾರರ ಷರಾ ಬರುತ್ತದೆ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡವು. ಇಷ್ಟು ಚೆನ್ನಾಗಿ ಹೊಂದುವುದು ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ಅವನಿಗೆ ಅನ್ನಿಸಿತು.

ನಿನ್ನೆ ದನಗಳು ಊರಿಗೆ ಹಿಂದಿರುಗುವ ಹೊತ್ತಿನಲ್ಲಿ ತಿಮ್ಮಪ್ಪನ ಮನೆಗೆ ಹೋದ. ತಿಮ್ಮಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದವನು ಎದ್ದು ಚಾಪೆ ಹಾಸಿದ. ಪಂಚಾಕ್ಷರಯ್ಯ ಕೂರದೆ ಹೇಳಿದ, 'ತಿಮ್ಮಪ್ಪ, ನಿನ್ನ ಕೊಟ್ಟಿಗೇಲಿರೋದು ಹಾಸನದ ಕಚೇರಿಗೆ ಗೊತ್ತಾಗಿದೆ. ಇವತ್ತೋ ನಾಳೆಯೋ ಬರ್ತಾರೆ. ತೆಗೆದುಬಿಡು.' ಗೊತ್ತಾಗಿದೆ ಎಂದ. ಗೊತ್ತಾಗಿರಬಹುದು ಎನ್ನಲಿಲ್ಲ. ಹೇಳಲು ಹೊರಟದ್ದು ಆಗಿರಬಹುದು ಎಂದೇ. ಬಾಯಿಗೆ ಬರುವಾಗ ಆಗಿದೆ ಎಂದು ಬಂತು. ಆಗಿರಬಹುದು ಎಂದರೆ ಹೇಗೆ ಎಂದು ಕೇಳುತ್ತಾನೆ. ಹೇಗೆ ಎಂದರೆ ಪುಸ್ತಕದ ವಿಷಯ ಬರುತ್ತದೆ.

ತಿಮ್ಮಪ್ಪ ಬೀದಿಯ ಕಡೆ ಒಂದು ಸಲ ನೋಡಿದ. 'ಯಾರ್ ಏಳುದ್ರು ಸಾ?'

ಹೊಸಿಲ ಮೇಲೆ ಬೆಟ್ಟಮ್ಮ ನಿಂತಿದ್ದಳು. ತಿಮ್ಮಪ್ಪನ ಕಣ್ಣು ಮೇಷ್ಟರಿಂದ ಮಗಳ ಕಡೆ ಹೋಯಿತು.

'ಲೇ, ನೀನೇನಾರ ಎಲ್ಲಾದ್ರೂ ಬಾಯ್ಬುಟ್ಟಾ? ಊರೆಲ್ಲ ನಾನ್ ಇಳೀತೀನಿ ನಾನ್ ಇಳೀತೀನಿ ಅಂತ ಮೆರ್ಕೊಂಡ್ ತಿರಿಗ್ತಿದ್ದೆಯಲ್ಲ?'

ಹುಡುಗಿ ಮೇಷ್ಟರ ಕಡೆ ನೋಡಿದಳು. ಬರೆದುಕೊಂಡವರು ನೀವು, ಹೇಳಿ ಎನ್ನುವ ಹಾಗೆ. ಅವನು ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದ. ಬಗ್ಗಿದ್ದಾಗ ಏಟಿನ ಸದ್ದು ಕೇಳಿಸಿತು. ತಲೆ ಎತ್ತುವ ಹೊತ್ತಿಗೆ ಅವಳು ಒಳಗೆ ಹೋಗಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ, ನಾಳೆ ಹಾಸನಕ್ಕೆ ಹೋಗಿ ಪುಸ್ತಕ ನೋಡಿಕೊಂಡು ಬಂದು ಎಲ್ಲ ಹೇಳಿಬಿಡುತ್ತೇನೆ, ಈಗ ಹೇಳಿದರೆ ಅರ್ಧ ಹೇಳಿದಂತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಒಬ್ಬ ಮೇಷ್ಟರು ಇಷ್ಟು ಚೆನ್ನಾಗಿ ತಮಗೆ ತಾವೇ ಸಮಾಧಾನ ಹೇಳಿಕೊಳ್ಳಬಲ್ಲರೇ ಎಂದು ಅವನಿಗೇ ನಾಚಿಕೆಯಾಯಿತು.

ಹಾಸನದಲ್ಲಿ ಇನ್ಸ್‌ಪೆಕ್ಟರು ಇರಲಿಲ್ಲ, ಹಳ್ಳಿಗಳ ಕಡೆ ಸರ್ಕೀಟು ಹೋಗಿದ್ದರು. ಜವಾನ ಗಂಗಯ್ಯ ಕಚೇರಿಯ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಎಲೆ ಅಡಿಕೆ ಹಾಕುತ್ತಿದ್ದ. ಪಂಚಾಕ್ಷರಯ್ಯ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದ. ತಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಹೆಸರು ತಪ್ಪಾಗಿದೆ, ತಿದ್ದಿಕೊಡಬೇಕು. ಗಂಗಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ಇವನಿಗೂ ಗೊತ್ತಿದೆ ಎಂದುಕೊಂಡ ಪಂಚಾಕ್ಷರಯ್ಯ.

'ಯಾವ್ ಪುಸ್ತಕ ಸ್ವಾಮಿ? ಮಕ್ಳು ಏನಾಯ್ತವೆ ಅನ್ನೋದಾ?' ಗಂಗಯ್ಯ ಬಾಯಿ ಮೇಲೆತ್ತಿ, ರಸ ಚೆಲ್ಲದ ಹಾಗೆ ನಕ್ಕ. 'ಬನ್ನಿ, ನೀವೇ ಉಡಿಕ್ಕೊಳಿ.'

ಒಳಗಿನ ಕೋಣೆಯ ಮೂಲೆಯಲ್ಲಿ ಪುಸ್ತಕಗಳು ಸೊಂಟದೆತ್ತರ ಬಿದ್ದಿದ್ದವು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲ ತಾಲ್ಲೂಕಿನವು. ಮೇಲಿನವು ಕೆಲವು ಬಿಚ್ಚಿದ್ದವು, ಅವುಗಳ ಹಾಳೆಗಳನ್ನು ಕಿತ್ತು ಒಂದು ಕಡೆ ಒಪ್ಪವಾಗಿ ಜೋಡಿಸಿದ್ದರು. ಜೋಡಿಸಿದ ಹಾಳೆಯ ಹಿಂಬದಿಯಲ್ಲಿ ಏನೋ ಬರೆದಿತ್ತು. ಪಂಚಾಕ್ಷರಯ್ಯ ಗಬಕ್ಕನೆ ಒಂದು ಹಾಳೆಗೆ ಕೈಹಾಕಿದ. ಎತ್ತಿ ಓದಿದ. ನೀರಿನ ಮಡಕೆ ಒಡೆದಿರುವುದರಿಂದ ಬೇರೆ ಮಡಕೆ ಕೊಡಿಸುವ ವಿಚಾರ. ಇನ್ನೊಂದು ಎತ್ತಿದ. ಸೋರುವ ಸೂರು. ಇನ್ನೊಂದು, ರಜೆ.

'ಕಾಗ್ದ ಎಲ್ಲದೆ ಸ್ವಾಮಿ ಈ ಕಾಲ್ದಲ್ಲಿ?' ಗಂಗಯ್ಯ ಬಾಗಿಲಿಗೆ ಒರಗಿ ಹೇಳಿದ. 'ಕರಡು ಬರಿಯಕ್ಕೂ ಒಂದ್ ಆಳೆ ಇಲ್ಲ. ಅದ್ಕೇಯ, ಇಂಬದಿ ಖಾಲಿ ಬುಡಿಸಿ ಅಂತ ಎಡ್ ಗುಮಾಸ್ತರು ಸಾಹೇಬರ ಕಿವಿ ಕಚ್ಚಿದ್ದು. ಸಾಹೇಬ್ರು ಪಾಪ ಒಳ್ಳೇರು, ಎಲ್ಲಾನೂ ಓದ್ತೀನಿ ಅಂತಾರೆ. ಯಾವಾಗ ಓದ್ತಾರೆ? ಕೆಳುಗ್ಲವನ್ನ ಇನ್ನೂ ಯಾರೂ ಮುಟ್ಟಿಲ್ಲ.'

ಅವನದು ಕೆಳಗೇ ಇತ್ತು. ಸೆಣಬಿನ ದಾರ, ಎರಡು ಸುತ್ತು, ಅಡಿಯಿಂದ ತೂರಿಸಿದ ಕೊನೆ, ಆ ಕೊನೆಯಲ್ಲಿ ಅವಳ ಹಲ್ಲು ಕಚ್ಚಿ ಚಪ್ಪಟೆಯಾದ ಗುರುತು. ಬಿಚ್ಚಿರಲಿಲ್ಲ. ಯಾರೂ ಓದಿರಲಿಲ್ಲ. ಮೊದಲು ಅವನಿಗೆ ಬದುಕಿದೆ ಎನ್ನಿಸಿತು. ಆಮೇಲೆ, ನಿಧಾನವಾಗಿ, ಯಾರೂ ಓದಿಲ್ಲ ಎಂಬುದಕ್ಕೇ ಸಿಟ್ಟು ಬಂತು. ಬುದ್ಧಿಯೂ ಧೈರ್ಯವೂ ಉಳ್ಳ ಮಗು ಎಂದು ಬರೆದದ್ದು ಮಡಕೆಯ ಅರ್ಜಿಯ ಹಿಂದೆ ಹೋಗುತ್ತಿತ್ತು. ಗಂಗಯ್ಯ ಎಲೆ ಉಗಿಯಲು ಆಚೆ ಹೋದಾಗ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟ. ಯಾರೂ ಹುಡುಕುವುದಿಲ್ಲ ಎಂದು ಗೊತ್ತಿದ್ದರೂ ಬಸ್‌ಸ್ಟ್ಯಾಂಡಿನ ತನಕ ಹಿಂದಕ್ಕೆ ತಿರುಗಿ ನೋಡುತ್ತಲೇ ಹೋದ.

ಬರುವಾಗ ಅವನ ಮನಸ್ಸು ಹಗುರಾಗಿತ್ತು. ಹಲ್ಲು ನೋಯುತ್ತಿರಲಿಲ್ಲ. ತಿಮ್ಮಪ್ಪನಿಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿದ. ಮೊದಲು ನಗಬೇಕು. ಆಮೇಲೆ, ನಾನೇ ದಡ್ಡ ತಿಮ್ಮಪ್ಪ, ಮಗು ಹೇಳಿದ್ದನ್ನು ಬರೆದವನು ನಾನು, ಯಾರಿಗೂ ಗೊತ್ತಾಗಿಲ್ಲ, ತಗೋ ನೋಡು ನಿನ್ನ ಮಗಳ ಗಂಟು ಹಾಗೇ ಇದೆ ಎನ್ನಬೇಕು. ಬೆಟ್ಟಮ್ಮನನ್ನು ಕರೆದು ಅವಳ ಕೈಗೇ ಪುಸ್ತಕ ಕೊಡಬೇಕು. ಸಾಲಗಾಮೆಯಿಂದ ನಡೆಯುತ್ತ ಬರುವಾಗ ಈ ಮಾತುಗಳನ್ನು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದ. ಚೆನ್ನಾಗಿದ್ದವು.

ಊರ ಬಾಗಿಲಿಗೆ ಬಂದಾಗ ತಿಮ್ಮಪ್ಪನ ಮನೆಯ ಮುಂದೆ ಜನ ಸೇರಿದ್ದರು. ರಾಗಿ ಜಗಲಿಯ ಮೇಲೆ, ಅಂಗಳದಲ್ಲಿ, ಗೋಣಿಯಲ್ಲಿ ಅರ್ಧ, ನೆಲದಲ್ಲಿ ಅರ್ಧ ಬಿದ್ದಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಬಾಗಿಲಲ್ಲಿ ಬೆಟ್ಟಮ್ಮನ ತಾಯಿ ಮಾದಮ್ಮ ನೆಲಕ್ಕೆ ಕೈಯೂರಿ ಕೂತಿದ್ದಳು. ಅವನಿಗೆ ದಾರಿ ಬಿಡುತ್ತ ಯಾರೋ ಹೇಳಿದರು, 'ಬೆಳಿಗ್ಗೆ ಅಗೇವಿನ ಬಾಯಿ ಒಡ್ದು ಬೆಟ್ಟಮ್ಮನ್ನ ಆಗ್ಲೇ ಇಳ್ಸವ್ರೆ ಸಾ. ಗಾಳಿಗೆ ಬುಡ್ಲಿಲ್ಲ, ದೀಪಾನೂ ಬುಡ್ಲಿಲ್ಲ. ನಾಕೈದು ಮಂಕ್ರಿ ರಾಗಿ ತುಂಬಿ ಕೊಟ್ಳಂತೆ, ಆಮ್ಯಾಲೆ ಸದ್ದೇ ಇಲ್ಲ. ಅಗ್ಗ ಇಡ್ದು ಎಳ್ದವ್ರೆ. ಸೊಂಟದ್ ಗಂಟು ಗಟ್ಟಿಯಾಗಿತ್ತು, ಉಳ್ಕಂತು.'

ಉಳಿದಿದ್ದಳು. ಒಳಗೆ ಚಾಪೆಯ ಮೇಲೆ ಮಲಗಿಸಿದ್ದರು. ತುಟಿ ಇನ್ನೂ ನೀಲಿ. ಕಣ್ಣು ಬಿಟ್ಟಿದ್ದಳು, ಸೂರನ್ನು ನೋಡುತ್ತಿದ್ದಳು. ಕಾಲ ಬಳಿ ತಿಮ್ಮಪ್ಪ ಕೂತಿದ್ದ. ಗೋಡೆಗೆ ಒರಗಿ ಪಟೇಲ ಚನ್ನಪ್ಪ ನಿಂತಿದ್ದ. ಅವನ ಮುಖದಲ್ಲಿ ದುಃಖವೂ ಇತ್ತು, ತೊಂದರೆಗೆ ಸಿಕ್ಕಿಕೊಂಡವನ ಬೇಸರವೂ ಇತ್ತು. 'ನೆಲದೊಳ್ಗಿದ್ದಾಗ ನಾನ್ ಕಂಡಿಲ್ಲ ಅನ್ಬೌದಿತ್ತು ಮೇಷ್ಟ್ರೇ. ಈಗ ಊರೇ ನೋಡದೆ. ಕಣ್ಣಿಗ್ ಬಿದ್ದ್ ಮ್ಯಾಲೆ ನಾನ್ ಲೆವಿಯೋರ್ಗೆ ಏಳ್ದೇ ಇದ್ರೆ ನನ್ ಕುತ್ಗೆಗೇ ಬತ್ತದೆ' ಎಂದ.

ತಿಮ್ಮಪ್ಪ ಎದ್ದು ಬಂದು ಪಂಚಾಕ್ಷರಯ್ಯನ ಎರಡೂ ಕೈ ಹಿಡಿದುಕೊಂಡ.

'ನಿಮ್ಮಿಂದ್ಲಾದ್ರೂ ಗೊತ್ತಾಯ್ತು ಸಾ. ನೀವ್ ಏಳ್ದೆ ಓಗಿದ್ರೆ ಅವ್ರು ಬಂದು ನನ್ನ ಜೈಲಿಗೇ ಆಕೋರು. ಆಸನಕ್ಕೋಗಿದ್ರಂತಲ್ಲ, ನನ್ ಸಲುವಾಗೇ ಓಗಿದ್ರಾ? ಏನಂದ್ರು? ಬತ್ತಾರಂತಾ?'

ಹೇಳಬೇಕಾದದ್ದು ನಾಲಗೆಯ ಮೇಲೇ ಇತ್ತು. ಎರಡು ಸಲ ಹೇಳಿ ನೋಡಿದ್ದ. ಮೊದಲು ನಗಬೇಕು ಎಂಬಲ್ಲಿಗೆ ಅದು ನಿಂತುಹೋಯಿತು. ಯಾರೂ ಬರುತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ನಿನ್ನ ಮಗಳನ್ನು ನಾನು ಒಳಗೆ ಇಳಿಸಿದೆ ಎಂದು ಹೇಳಬೇಕು. ಈ ಇಷ್ಟು ಜನರ ಎದುರಿಗೆ. ಅರಕಲಗೂಡಿನ ಮಕ್ಕಳ ಸಾಲು ಕಣ್ಣಿಗೆ ಬಂತು, ಯಾರೂ ಎತ್ತದ ಕೈಗಳು. ತಿಮ್ಮಪ್ಪನ ಅಂಗೈ ಹಗ್ಗ ಉಜ್ಜಿ ಸುಲಿದು ಒದ್ದೆಯಾಗಿತ್ತು.

'ಅವರಿಗೆ... ಗೊತ್ತಿತ್ತು' ಎಂದ. 'ಇನ್ನು ಬರಲಾರರು. ನಾನು ಮಾತಾಡಿ ಬಂದಿದ್ದೀನಿ.'

ತಿಮ್ಮಪ್ಪ ಅವನ ಕೈಗಳನ್ನು ಹಣೆಗೆ ಒತ್ತಿಕೊಂಡ. ಆಮೇಲೆ ಚಾಪೆಯ ಕಡೆ ತಿರುಗಿ, ಬಯ್ಯುವುದೋ ಅಳುವುದೋ ತಿಳಿಯದ ದನಿಯಲ್ಲಿ, 'ನಿನ್ ಬಾಯಿಂದ ಕಣವ್ವಾ, ನಿನ್ ಬಾಯಿಂದ್ಲೇ ಇಷ್ಟೆಲ್ಲ ಆಗಿದ್ದು. ನೋಡು, ಮೇಷ್ಟ್ರು ಬಂದವ್ರೆ, ನಮಸ್ಕಾರ ಮಾಡು' ಎಂದ.

ಬೆಟ್ಟಮ್ಮ ತಲೆ ಹೊರಳಿಸಿದಳು. ಕೈ ಹಿಡಿಸಿಕೊಳ್ಳುವಾಗ ಪಂಚಾಕ್ಷರಯ್ಯ ಚೀಲವನ್ನು ನೆಲಕ್ಕೆ ಬಿಟ್ಟಿದ್ದ. ಅದು ಚಾಪೆಯ ಅಂಚಿನಲ್ಲಿ ಬಾಯಿ ತೆರೆದು ವಾಲಿತ್ತು. ಅವಳ ಕಣ್ಣು ಅವನ ಮುಖಕ್ಕೆ ಬರುವ ಮೊದಲು ಚೀಲದ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ಸೆಣಬಿನ ದಾರ, ಎರಡು ಸುತ್ತು. ಅವಳು ಅದನ್ನು ಓದುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅವನು ಬರೆದ ಒಂದು ಅಕ್ಷರವನ್ನೂ ಅವಳು ಅಷ್ಟು ಗಮನವಿಟ್ಟು ಓದಿರಲಿಲ್ಲ. ಈಗ ಹೇಳುತ್ತಾಳೆ, ಅಪ್ಪಾ ಯಾರೂ ಬಿಚ್ಚಿಲ್ಲ ಎನ್ನುತ್ತಾಳೆ ಎಂದು ಕಾದ. ಹೇಳಲಿ ಎಂದು ಆಸೆಪಟ್ಟ. ಅವಳು ಎರಡು ಕೈ ನಿಧಾನವಾಗಿ ಎತ್ತಿ ಜೋಡಿಸಿ ನಮಸ್ಕಾರ ಮಾಡಿದಳು, ಮತ್ತೆ ಸೂರಿನ ಕಡೆ ತಿರುಗಿದಳು.

ಮನೆಗೆ ಬಂದಾಗ ನೀಲಗಂಗಮ್ಮ ಹಲ್ಲು ಕಿತ್ತರೇ ಎಂದು ಕೇಳಿದಳು. ಇಲ್ಲ, ಬಿಟ್ಟಿದ್ದಾರೆ ಎಂದ. ಊಟಕ್ಕೆ ಬಡಿಸುತ್ತ ಅವಳು, ತಿಮ್ಮಪ್ಪನ ಮನೆಯಿಂದ ಹಾಲು ಕಳಿಸಿದ್ದಾರೆ, ನೀವು ಅವರಿಗೆ ಏನೋ ಉಪಕಾರ ಮಾಡಿದಿರಂತೆ ಎಂದಳು.

ಪಟೇಲ ಬರೆದು ಕಳಿಸಿದ ಮೇಲೆ ಲೆವಿಯವರು ಬಂದು ರಾಗಿಯನ್ನು ಅಳೆದುಕೊಂಡು ಹೋದರು. ತಿಮ್ಮಪ್ಪ, ಮೇಷ್ಟರು ಮಾತಾಡಿ ಬಂದಿದ್ದಕ್ಕೆ ಬರೀ ರಾಗಿಗೇ ಮುಗಿಯಿತು ಎಂದು ಊರಿನವರಿಗೆಲ್ಲ ಹೇಳಿದ. ಪಂಚಾಕ್ಷರಯ್ಯನಿಗೆ ದಾರಿಯಲ್ಲಿ ಎದುರಾದವರು ನಿಂತು ಕೈಮುಗಿಯತೊಡಗಿದರು. ಇಪ್ಪತ್ತು ದಿನವಾದ ಮೇಲೆ ಬೆಟ್ಟಮ್ಮ ಶಾಲೆಗೆ ಬಂದಳು. ಸ್ಲೇಟಿಗೆ ದಾರವಿಲ್ಲ. ಹುಡುಗರು ಅವಳನ್ನು ಕಂಡು ನಗಲಿಲ್ಲ, ಪಕ್ಕಕ್ಕೆ ಸರಿದು ಜಾಗ ಮಾಡಿದರು. ಅವನು ಪುಸ್ತಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದ. ಗಂಟು ಬಿಚ್ಚಲು ಬಾರದೆ ಬ್ಲೇಡಿನಿಂದ ಕೊಯ್ದಿದ್ದ. ಅವಳ ಹಾಳೆಯನ್ನು ಹರಿದುಹಾಕಿ ಹೊಸ ಹಾಳೆ ಸೇರಿಸಿದ್ದ. ಇನ್ಸ್‌ಪೆಕ್ಟರು ನಾಳೆ ಬರುವವರಿದ್ದರು, ಕೇಳಿದರೆ ಕೊಡಬೇಕು.

ಅವಳನ್ನು ಹತ್ತಿರಕ್ಕೆ ಕರೆದ. ಬಂದು ನಿಂತಳು. ಮೊದಲಿನಂತೆ ಮುಖ ನೋಡಲಿಲ್ಲ, ಅವನ ಕೈಯಲ್ಲಿದ್ದ ಪೆನ್ಸಿಲನ್ನು ನೋಡುತ್ತಿದ್ದಳು. ಯಾರಾದರೂ ಕಾಗದದ ಮೇಲೆ ಪೆನ್ಸಿಲು ಇಟ್ಟರೆ ತಾನು ನೋಡುತ್ತಿದ್ದುದು ಹೀಗೆಯೇ ಎಂದು ಪಂಚಾಕ್ಷರಯ್ಯನಿಗೆ ತಿಳಿಯಿತು. ಇಡೀ ಊರಿನಲ್ಲಿ ತಾನು ಯಾರಿಗಾದರೂ ಏನಾದರೂ ಸರಿಯಾಗಿ ಕಲಿಸಿದ್ದರೆ ಇದೇ.

'ಬೆಟ್ಟಮ್ಮ, ದೊಡ್ಡೋಳಾದ ಮೇಲೆ ಏನಾಗ್ತೀಯಮ್ಮ?'

'ಅಮಲ್ದಾರ ಸಾ.'

'ನಿಜ ಹೇಳು. ನಾನು ಯಾರಿಗೂ ಹೇಳಲ್ಲ.'

'ಅಮಲ್ದಾರ ಅಂತ ಬರ್ಕೊಳಿ ಸಾ' ಎಂದಳು. ತನ್ನ ಜಾಗಕ್ಕೆ ಹೋಗಲು ತಿರುಗಿದವಳು ನಿಂತು, ಕೊಯ್ದ ದಾರದ ಕಡೆ ಒಂದು ಸಲ ನೋಡಿದಳು. 'ಗಂಟ ಈ ಸಲ ನೀವೇ ಆಕ್ಕೊಳಿ.'

ಅವನು ಬರೆದುಕೊಂಡ.